ಅಮೆರಿಕಕ್ಕೆ ಹೋದ ಕಾಗದ ಈಗ ಎಲ್ಲಿದೆ?

ಪ್ರಶ್ನೆ: ನನ್ನ ತಂಗಿಯ ತಿರುಚಿದ ಫೋಟೊಗಳನ್ನು ಇಟ್ಟುಕೊಂಡು ಯಾರೋ ಒಬ್ಬರು ಜಿಮೇಲ್ ಖಾತೆಯಿಂದ ಬೆದರಿಸಿ ಹಣ ಕೇಳಿದರು. ಮೊದಲ ಇಮೇಲ್ ಬಂದದ್ದು ಜರ್ಮನಿಯ ಮ್ಯೂನಿಕ್‌ನಲ್ಲಿರುವ ನಮ್ಮ ಅಣ್ಣನಿಗೆ, ಆಮೇಲೆ ತಂಗಿಗೆ. ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಠಾಣೆಯಲ್ಲಿ ಎಫ್‌ಐಆರ್ ದಾಖಲಾಗಿ ಒಂದು ವರ್ಷವಾಯಿತು. ಕೇಳಿದಾಗಲೆಲ್ಲ ‘ಅಮೆರಿಕಕ್ಕೆ ಎಂಎಲ್‌ಎಟಿ ಕಳಿಸಿದ್ದೇವೆ, ಉತ್ತರ ಬಂದಿಲ್ಲ’ ಎನ್ನುತ್ತಾರೆ. ಹಾಗೆಂದರೆ ಏನು? ಅಣ್ಣನೂ ಸಾಕ್ಷಿಯಾಗಬೇಕಂತೆ. ಅವನಿಗೆ ಸಮನ್ಸ್ ಹೇಗೆ ತಲುಪುತ್ತದೆ? ಅಫಿಡವಿಟ್‌ಗೆ ಅಪೊಸ್ಟಿಲ್ ಹಾಕಿಸಿ ಕಳಿಸಿದರೆ ಸಾಲದೆ? ಅಮೆರಿಕದಲ್ಲಿ ನಾವೇ ವಕೀಲರನ್ನು ನೇಮಿಸಿದರೆ ಕೆಲಸ ಬೇಗ ಆಗುತ್ತದೆಯೆ?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ತಂಗಿ ಹೆದರಿ ಹಣ ಕೊಡದೆ ಠಾಣೆಯ ಮೆಟ್ಟಿಲು ಹತ್ತಿದ್ದು ಸರಿಯಾದ ಕೆಲಸ. ಒಂದು ವರ್ಷ ಕಾದ ಸಂಕಟ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಆದರೆ ‘ಕಳಿಸಿದ್ದೇವೆ’ ಎಂಬ ಉತ್ತರ ಕೇಳಿ ಸುಮ್ಮನೆ ಮರಳಬೇಡಿ. ಎಲ್ಲಿಗೆ ಕಳಿಸಿದ್ದೀರಿ, ಯಾವ ತಾರೀಖಿಗೆ ಎಂದು ಕೇಳಿ. ಎಷ್ಟೋ ಪ್ರಕರಣಗಳಲ್ಲಿ ಆ ಕಾಗದ ಠಾಣೆಯಿಂದ ಎಸ್‌ಪಿ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಿರುತ್ತದೆ. ಇಲ್ಲವೇ ದೆಹಲಿಯಿಂದ ಆಕ್ಷೇಪಣೆ ಹೊತ್ತು ಮರಳಿ ಬಂದು ಯಾವುದೋ ಕಡತದಲ್ಲಿ ಮಲಗಿರುತ್ತದೆ. ಭಾರತದ ಗಡಿಯನ್ನೇ ದಾಟಿರುವುದಿಲ್ಲ. ಅಮೆರಿಕದವರು ನಿಧಾನ ಎಂಬುದು ನಿಜ. ಆದರೆ ಅಭಿಯೋಜಕನಾಗಿ, ಅಂದರೆ ಸರ್ಕಾರದ ಪರ ವಾದಿಸುವ ವಕೀಲನಾಗಿ, ಇಂಥ ಕೋರಿಕೆಗಳ ಕರಡು ತಿದ್ದಿದ ನನ್ನ ಅನುಭವದಲ್ಲಿ, ಕೋರಿಕೆಯ ಭವಿಷ್ಯ ನಿರ್ಧಾರವಾಗುವುದು ನಮ್ಮ ಠಾಣೆಯಲ್ಲಿ ಬರೆಯುವ ಮೊದಲ ಎರಡು ಪುಟಗಳಲ್ಲಿ. ಅವು ಸರಿಯಿದ್ದರೆ ಉಳಿದದ್ದು ಬರೀ ಕಾಯುವ ಕೆಲಸ. ಅವು ಕೆಟ್ಟರೆ ಎಷ್ಟು ಕಾದರೂ ಫಲವಿಲ್ಲ.

ಮೊದಲು ಮೂಲ ವಿಷಯ ಹೇಳುತ್ತೇನೆ. ಪೊಲೀಸರ ಅಧಿಕಾರ ದೇಶದ ಗಡಿಯಲ್ಲಿ ನಿಲ್ಲುತ್ತದೆ. ಶಿವಮೊಗ್ಗದ ಇನ್‌ಸ್ಪೆಕ್ಟರ್ ಕ್ಯಾಲಿಫೋರ್ನಿಯಾದ ಕಂಪನಿಯೊಂದರ ಕದ ಬಡಿದು ‘ಈ ಖಾತೆಯ ಪತ್ರಗಳನ್ನು ಕೊಡಿ’ ಎಂದು ಕಡ್ಡಾಯ ಮಾಡಲಾಗದು. ಅಲ್ಲಿನ ಶೆರಿಫ್ ಬಂದು ನಿಮ್ಮ ಮನೆಯ ಬೀರು ತೆಗೆಸಲಾರದಂತೆಯೇ. ಆದ್ದರಿಂದ ಒಂದು ದೇಶ ಇನ್ನೊಂದು ದೇಶವನ್ನು ಕೇಳಬೇಕು, ಆ ದೇಶ ತನ್ನ ಕಾನೂನಿನಂತೆ ತನ್ನ ನ್ಯಾಯಾಲಯದ ಮೂಲಕ ಅದನ್ನು ತರಿಸಿ ಕೊಡಬೇಕು. ಹೀಗೆ ಕೇಳಲು ಎರಡು ದಾರಿಗಳಿವೆ. ಒಂದು, ನಮ್ಮ ನ್ಯಾಯಾಲಯ ಹೊರಡಿಸುವ ಕೋರಿಕೆ ಪತ್ರ. ನ್ಯಾಯಾಲಯಗಳ ವಲಯದಲ್ಲಿ ಇದನ್ನು ಲೆಟರ್ ರೊಗೇಟರಿ, ಚಿಕ್ಕದಾಗಿ ಎಲ್‌ಆರ್ ಎನ್ನುತ್ತಾರೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 1990ರಲ್ಲಿ ಸೇರಿಸಿದ 166ಎ ಸೆಕ್ಷನ್ ಇದಕ್ಕೆ ಆಧಾರವಾಗಿತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಸೆಕ್ಷನ್ ಇದೆ. ಎರಡನೆಯದು, ಎರಡು ದೇಶಗಳ ನಡುವೆ ಪರಸ್ಪರ ಕಾನೂನು ನೆರವಿನ ಒಪ್ಪಂದವಿದ್ದರೆ, ಕೇಂದ್ರ ಪ್ರಾಧಿಕಾರದ ಮೂಲಕ ನೇರವಾಗಿ ಹೋಗುವ ಕೋರಿಕೆ. ಆ ಒಪ್ಪಂದವೇ ನಿಮಗೆ ಠಾಣೆಯಲ್ಲಿ ಹೇಳಿದ ಎಂಎಲ್‌ಎಟಿ. ನಮ್ಮ ದೇಶದ ಕೇಂದ್ರ ಪ್ರಾಧಿಕಾರ ದೆಹಲಿಯ ಗೃಹ ಸಚಿವಾಲಯ. ಭಾರತಕ್ಕೆ ನಲವತ್ತರಷ್ಟು ದೇಶಗಳ ಜತೆ ಇಂಥ ಒಪ್ಪಂದಗಳಿವೆ. ಅಮೆರಿಕದ ಜತೆಗಿನದಕ್ಕೆ 2001ರ ಅಕ್ಟೋಬರ್‌ನಲ್ಲಿ ಸಹಿ ಬಿತ್ತು, ಜಾರಿಗೆ ಬಂದದ್ದು 2005ರ ಅಕ್ಟೋಬರ್‌ನಲ್ಲಿ. ಒಪ್ಪಂದವೇ ಇಲ್ಲದ ದೇಶಕ್ಕೂ ಕೋರಿಕೆ ಕಳಿಸಬಹುದು. ಆಗ ‘ನಾಳೆ ನೀವು ಕೇಳಿದರೆ ನಾವೂ ಕೊಡುತ್ತೇವೆ’ ಎಂಬ ಭರವಸೆಯ ಮೇಲೆ ವ್ಯವಹಾರ ನಡೆಯುತ್ತದೆ.

ನಿಮ್ಮ ಪ್ರಕರಣದ ಕಾಗದ ಸಾಗುವ ದಾರಿ ಹೀಗಿದೆ. ತನಿಖಾಧಿಕಾರಿ ಕರಡು ಬರೆದು, ಅಭಿಯೋಜಕರ ಅಭಿಪ್ರಾಯ ಪಡೆದು, ಮೇಲಧಿಕಾರಿಗಳ ಮೂಲಕ ರಾಜ್ಯದ ಒಳಾಡಳಿತ ಇಲಾಖೆಗೆ ಕಳಿಸಬೇಕು. ಅಲ್ಲಿಂದ ಅದು ಕೇಂದ್ರ ಗೃಹ ಸಚಿವಾಲಯದ ಕಾನೂನು ಘಟಕಕ್ಕೆ ಹೋಗುತ್ತದೆ. ಕರಡನ್ನು ಓದಿ ಒಪ್ಪುವುದೋ ಲೋಪ ತೋರಿಸಿ ಹಿಂದಿರುಗಿಸುವುದೋ ಅಲ್ಲಿ ತೀರ್ಮಾನವಾಗುತ್ತದೆ. ಅದಕ್ಕಾಗಿ ಸಚಿವಾಲಯ 2019ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿದೆ. ಒಪ್ಪಿದರೆ ವಾಷಿಂಗ್ಟನ್‌ನಲ್ಲಿರುವ ಅಮೆರಿಕ ನ್ಯಾಯಾಂಗ ಇಲಾಖೆಯ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿಗೆ ಪ್ರಯಾಣ. ಅಲ್ಲಿನ ವಕೀಲರೊಬ್ಬರು ಅದನ್ನು ಓದಿ, ತಮ್ಮ ನ್ಯಾಯಾಧೀಶರ ಮುಂದೆ ನಿಲ್ಲಿಸಬಹುದಾದಷ್ಟು ಗಟ್ಟಿಯಾಗಿದೆಯೇ ಎಂದು ನೋಡುತ್ತಾರೆ. ಗಟ್ಟಿಯಿದ್ದರೆ ವಾರಂಟ್ ಪಡೆದು ಕಂಪನಿಗೆ ಕೊಡುತ್ತಾರೆ. ಕಂಪನಿ ಕೊಟ್ಟ ರಾಶಿಯಲ್ಲಿ ಸಂಬಂಧವಿಲ್ಲದ್ದನ್ನು ಬದಿಗಿಟ್ಟು, ಉಳಿದದ್ದನ್ನು ದೃಢೀಕರಣದೊಂದಿಗೆ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ಚೆನ್ನಾಗಿ ತಿಳಿದುಕೊಳ್ಳಿ. ಖಾತೆ ತೆರೆದವರ ಹೆಸರು, ನೋಂದಾಯಿಸಿದ ಮೊಬೈಲ್ ಸಂಖ್ಯೆ, ಲಾಗಿನ್ ಆದ ಐಪಿ ವಿಳಾಸಗಳಂಥ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳಂಥ) ವಿವರಗಳನ್ನು ಪಡೆಯಲು ಎಂಎಲ್‌ಎಟಿಯೇ ಬೇಕೆಂದಿಲ್ಲ. ಹೊಸ ಸಂಹಿತೆಯ 94ನೇ ಸೆಕ್ಷನ್ ಅಡಿಯ ನೋಟಿಸನ್ನು ಕಂಪನಿಗಳು ಪೊಲೀಸರಿಗೆಂದೇ ತೆರೆದಿರುವ ಪೋರ್ಟಲ್‌ನಲ್ಲಿ ಹಾಕಿದರೆ ಸಾಮಾನ್ಯವಾಗಿ ಇಷ್ಟು ಸಿಗುತ್ತದೆ. ಪತ್ರಗಳ ಒಳಗಿನ ಮಾತು, ಲಗತ್ತಿಸಿದ ಚಿತ್ರಗಳು, ಡ್ರೈವ್‌ನಲ್ಲಿ ಇಟ್ಟ ಕಡತಗಳು ಬೇಕೆಂದರೆ ಮಾತ್ರ ಅಮೆರಿಕದ 1986ರ ಕಾನೂನು ಅಡ್ಡ ಬರುತ್ತದೆ. ಅದಕ್ಕೆ ಅಲ್ಲಿನ ನ್ಯಾಯಾಧೀಶರ ವಾರಂಟ್ ಬೇಕೇ ಬೇಕು. ಆದ್ದರಿಂದ ನೀವು ಕೇಳಬೇಕಾದ ಇನ್ನೊಂದು ಪ್ರಶ್ನೆ: ಕಂಪನಿಯಿಂದ ಐಪಿ ವಿವರಗಳು ಬಂದಿವೆಯೇ, ಬಂದಿದ್ದರೆ ಅವುಗಳ ಬೆನ್ನು ಹತ್ತಿದ್ದೀರಾ? ಕೆಲವೊಮ್ಮೆ ಎಲ್ಲ ಉತ್ತರ ಅಲ್ಲಿಯೇ ಇರುತ್ತದೆ, ಎಂಎಲ್‌ಎಟಿಯ ಹೆಸರಿನಲ್ಲಿ ಪ್ರಕರಣ ವೃಥಾ ನಿಂತಿರುತ್ತದೆ. ಕಂಪನಿಗಳು ಸಮಯವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಕೊಡುತ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅದನ್ನು ಕೂಡಿಸದೆ ಮೊಬೈಲ್ ಕಂಪನಿಗೆ ಬರೆದರೆ ಆ ಹೊತ್ತಿನಲ್ಲಿ ಆ ವಿಳಾಸ ಬಳಸುತ್ತಿದ್ದ ಯಾರೋ ನಿರಪರಾಧಿಯ ಹೆಸರು ಬರುತ್ತದೆ. ಒಂದೇ ಐಪಿ ವಿಳಾಸವನ್ನು ಮೊಬೈಲ್ ಕಂಪನಿಗಳು ಏಕಕಾಲಕ್ಕೆ ಬಹಳ ಗ್ರಾಹಕರಿಗೆ ಹಂಚುವುದರಿಂದ ಅವರಲ್ಲಿ ಒಬ್ಬರನ್ನು ಬೇರ್ಪಡಿಸಿ ತೋರಿಸುವ ಪೋರ್ಟ್ ಸಂಖ್ಯೆಯೂ ಬೇಕು. ಇವು ಸಣ್ಣ ವಿಷಯಗಳಂತೆ ಕಾಣುತ್ತವೆ. ತನಿಖೆ ಗೆಲ್ಲುವುದೂ ಸೋಲುವುದೂ ಇವುಗಳಲ್ಲಿಯೇ.

ಈಗ ಆ ಎರಡು ಪುಟಗಳ ವಿಷಯ. ನಾನು ನೋಡಿದ ಕರಡುಗಳಲ್ಲಿ ಮತ್ತೆ ಮತ್ತೆ ಕಂಡ ವಾಕ್ಯದ ಧಾಟಿ ಹೀಗಿದೆ: ‘ಸದರಿ ಪ್ರಕರಣದ ತನಿಖೆಯ ಹಿತದೃಷ್ಟಿಯಿಂದ ಆರೋಪಿತನ ಇಮೇಲ್ ಖಾತೆಯ ಸಂಪೂರ್ಣ ವಿವರಗಳನ್ನು ತುರ್ತಾಗಿ ಒದಗಿಸಲು ಕೋರಿದೆ.’ ನಮ್ಮ ಕಚೇರಿಗಳಲ್ಲಿ ಇದು ಸಾಕು. ಅಮೆರಿಕದ ನ್ಯಾಯಾಧೀಶರ ಮುಂದೆ ಇದಕ್ಕೆ ಬೆಲೆಯೇ ಇಲ್ಲ. ಅವರು ಕೇಳುವುದು ಒಂದೇ: ಈ ಖಾತೆಯಲ್ಲಿ, ಈ ಅವಧಿಯಲ್ಲಿ, ಈ ಅಪರಾಧದ ಸಾಕ್ಷ್ಯ ಇದೆ ಎಂದು ನಂಬಲು ಕಾರಣವೇನು, ಆ ಕಾರಣ ನಿಮಗೆ ಗೊತ್ತಾದದ್ದು ಹೇಗೆ? ಅದಕ್ಕೆ ಉತ್ತರವಾಗುವ ಬರಹ ಹೀಗಿರಬೇಕು: ‘ಇಂಥ ದಿನ, ಭಾರತೀಯ ಕಾಲಮಾನ ರಾತ್ರಿ 9 ಗಂಟೆ 42 ನಿಮಿಷಕ್ಕೆ, ಈ ವಿಳಾಸದಿಂದ ದೂರುದಾರರ ಅಣ್ಣನಿಗೆ ಒಂದು ಇಮೇಲ್ ಬಂದಿದೆ. ಅದರಲ್ಲಿ ಎರಡು ಚಿತ್ರಗಳೂ, ಹಣ ಕೊಡದಿದ್ದರೆ ಇವನ್ನು ಬಂಧುಗಳಿಗೆಲ್ಲ ಕಳಿಸುತ್ತೇನೆ ಎಂಬ ಮಾತೂ ಇವೆ. ಪೂರ್ಣ ಹೆಡರ್ (ಇಮೇಲ್ ಬಂದ ದಾರಿ, ಹೊತ್ತು ತೋರಿಸುವ ಭಾಗ) ಸಹಿತ ಪ್ರತಿ ಲಗತ್ತಿಸಿದೆ. ಮೂರು ದಿನಗಳ ಬಳಿಕ ಅದೇ ವಿಳಾಸದಿಂದ ದೂರುದಾರರಿಗೆ ಬಂದ ಇಮೇಲ್‌ನಲ್ಲಿ ಹಣ ಕಳಿಸಬೇಕಾದ ಖಾತೆಯ ಸೂಚನೆಯಿದೆ. ಚಿತ್ರಗಳು ಎಲ್ಲಿಂದ ಬಂದವು, ಇದರಲ್ಲಿ ಇನ್ನಾರು ಸೇರಿದ್ದಾರೆ ಎಂಬುದರ ಸಾಕ್ಷ್ಯ ಈ ಖಾತೆಯ ಪತ್ರಗಳಲ್ಲಿ ಇರುವ ಸಂಭವವಿದೆ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗಿನ ಪತ್ರಗಳನ್ನು ಕೋರಿದೆ.’ ಹೀಗೆ ಬರೆಯಲು ದೊಡ್ಡ ಕಾನೂನು ಪಾಂಡಿತ್ಯ ಬೇಡ. ಕಡತವನ್ನು ಕೂತು ಓದುವ ತಾಳ್ಮೆ ಬೇಕು. ನಿಮ್ಮ ತನಿಖಾಧಿಕಾರಿಗೆ ಈ ಪ್ರಕರಣದ ಜತೆ ಬೇರೆ ನೂರಾರು ವಂಚನೆಯ ದೂರುಗಳೂ ಇರುತ್ತವೆ. ಆದ್ದರಿಂದ ಅವರ ಕೆಲಸ ಹಗುರವಾಗುವಂತೆ ನೀವೇ ದಿನಾಂಕವಾರು ಘಟನೆಗಳ ಒಂದು ಪಟ್ಟಿ ಮಾಡಿ, ಪ್ರತಿ ಇಮೇಲ್‌ನ ಮೂಲವನ್ನು ಹೆಡರ್ ಸಮೇತ ಉಳಿಸಿ, ಮುದ್ರಿಸಿ ಕೊಡಿ. ಸ್ಕ್ರೀನ್‌ಶಾಟ್ ಸಾಲದು. ಇನ್‌ಬಾಕ್ಸ್‌ನಿಂದ ಮೂಲ ಸಂದೇಶಗಳನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಅಣ್ಣನಿಗೂ ಇದನ್ನೇ ಹೇಳಿ.

ಇದಕ್ಕಿಂತಲೂ ತುರ್ತಾದದ್ದು ಒಂದಿದೆ. ಬೆದರಿಸಿದವನು ಖಾತೆಯನ್ನೇ ಅಳಿಸಿದರೆ ಎಂಎಲ್‌ಎಟಿ ತಲುಪುವ ಹೊತ್ತಿಗೆ ಅಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ದೂರು ದಾಖಲಾದ ಮೊದಲ ವಾರದಲ್ಲೇ ಪೊಲೀಸರು ‘ಈ ಖಾತೆಯ ದತ್ತಾಂಶವನ್ನು ಇದ್ದಂತೆಯೇ ಕಾಪಿಡಿ’ ಎಂಬ ಕೋರಿಕೆಯನ್ನು ಕಂಪನಿಗೆ ಕಳಿಸಬೇಕು. ಅಮೆರಿಕದ ಕಾನೂನಿನಲ್ಲಿ ಇಂಥ ಕಾಪಿಡುವಿಕೆಯ ಅವಧಿ 90 ದಿನ. ಕೋರಿದರೆ ಇನ್ನೂ 90 ದಿನ ವಿಸ್ತರಿಸಬಹುದು. ತಾರೀಖನ್ನು ನೆನಪಿಟ್ಟು ನವೀಕರಿಸುವವರು ಯಾರೂ ಇಲ್ಲದೆ ಕೈತಪ್ಪಿದ ಪ್ರಕರಣಗಳನ್ನು ನೋಡಿ ನನಗೆ ಬೇಸರವಾಗಿದೆ. ನಿಮ್ಮ ಪ್ರಕರಣದಲ್ಲಿ ಈ ಕೋರಿಕೆ ಹೋಗಿತ್ತೇ, ಕಂಪನಿ ಕೊಟ್ಟ ಉಲ್ಲೇಖ ಸಂಖ್ಯೆ ಏನು, ಅವಧಿ ಯಾವಾಗ ಮುಗಿಯಿತು ಎಂಬುದನ್ನು ಇಂದೇ ಕೇಳಿ.

ಎಷ್ಟು ಕಾಲ ಹಿಡಿಯುತ್ತದೆ ಎಂಬ ನಿಮ್ಮ ಮನಸ್ಸಿನ ಪ್ರಶ್ನೆಗೆ ಒಂದು ಅಳತೆ ಕೊಡಬಲ್ಲೆ. ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಪರಿಶೀಲನಾ ತಂಡವೊಂದು 2013ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ, ಹೊರದೇಶಗಳಿಂದ ಬರುವ ಇಂಥ ಕೋರಿಕೆಗಳಿಗೆ ಸರಾಸರಿ 10 ತಿಂಗಳು ಹಿಡಿಯುತ್ತದೆ ಎಂದು ಒಪ್ಪಿಕೊಂಡಿತ್ತು. ಅದು ಅವರ ಕಡೆಯ ಕಾಲ ಮಾತ್ರ. ನಮ್ಮ ಕಡೆಯದನ್ನು ಇದಕ್ಕೆ ಸೇರಿಸಿಕೊಳ್ಳಬೇಕು. 2018ರಲ್ಲಿ ಅಮೆರಿಕ ‘ಕ್ಲೌಡ್ ಆಕ್ಟ್’ ಎಂಬ ಕಾನೂನು ತಂದು, ತನ್ನೊಂದಿಗೆ ವಿಶೇಷ ಒಪ್ಪಂದ ಮಾಡಿಕೊಂಡ ದೇಶಗಳ ಆದೇಶಗಳು ನೇರವಾಗಿ ಅಮೆರಿಕದ ಕಂಪನಿಗಳಿಗೆ ಹೋಗಲು ದಾರಿ ತೆರೆಯಿತು. ಬ್ರಿಟನ್‌ಗೆ ಆ ದಾರಿ 2022ರ ಅಕ್ಟೋಬರ್‌ನಲ್ಲಿ ಸಿಕ್ಕಿತು, ಆಮೇಲೆ ಆಸ್ಟ್ರೇಲಿಯಾಕ್ಕೆ ಸಿಕ್ಕಿತು. ಭಾರತ ಅಂಥ ಒಪ್ಪಂದ ಮಾಡಿಕೊಂಡಿಲ್ಲ. ಯುರೋಪಿನ ನೇತೃತ್ವದ 2001ರ ಬುಡಾಪೆಸ್ಟ್ ಸೈಬರ್ ಅಪರಾಧ ಒಡಂಬಡಿಕೆಗೂ ನಾವು ಸೇರಿಲ್ಲ. ಸಾರ್ವಭೌಮತ್ವದ ಕಾರಣಗಳನ್ನು ಸರ್ಕಾರ ಕೊಡುತ್ತದೆ, ಅವುಗಳಲ್ಲಿ ತೂಕವೂ ಇದೆ. ಆದರೆ ಅದರ ಬೆಲೆ ತೆರುತ್ತಿರುವವರು ನಿಮ್ಮ ತಂಗಿಯಂಥವರು ಎಂಬುದನ್ನು ನೀತಿ ರೂಪಿಸುವವರು ಮರೆಯಬಾರದು ಎಂದು ನನ್ನ ಅಭಿಪ್ರಾಯ.

ಕಾಗದ ಬಂದು ತಲುಪಿದರೆ ಕೆಲಸ ಮುಗಿಯಿತು ಎಂದೂ ತಿಳಿಯಬೇಡಿ. ನಮ್ಮ ದೇಶದ ಅತಿ ಪ್ರಸಿದ್ಧ ಎಲ್‌ಆರ್ ಕಥೆಯೇ ಇದಕ್ಕೆ ಸಾಕ್ಷಿ. ಬೊಫೋರ್ಸ್ ಫಿರಂಗಿ ವ್ಯವಹಾರದ ಬಗ್ಗೆ ಸಿಬಿಐ ಎಫ್‌ಐಆರ್ ದಾಖಲಿಸಿದ್ದು 1990ರ ಜನವರಿ 22ರಂದು. ಮರು ತಿಂಗಳೇ ದೆಹಲಿಯ ವಿಶೇಷ ನ್ಯಾಯಾಲಯದಿಂದ ಸ್ವಿಟ್ಜರ್ಲೆಂಡ್‌ಗೆ ಕೋರಿಕೆ ಪತ್ರ ಹೊರಟಿತು. 166ಎ ಸೆಕ್ಷನ್ ಜಾರಿಗೆ ಬಂದದ್ದೂ ಅದೇ ಫೆಬ್ರವರಿಯಲ್ಲಿ. ಲಂಚದ ಹಣ ಸೇರಿತ್ತೆನ್ನಲಾದ ಅಲ್ಲಿನ ಬ್ಯಾಂಕ್ ಖಾತೆಗಳ ಖಾತೆದಾರರು ಸ್ವಿಸ್ ನ್ಯಾಯಾಲಯಗಳಲ್ಲಿ ಮೇಲ್ಮನವಿಯ ಮೇಲೆ ಮೇಲ್ಮನವಿ ಹೂಡಿದರು. ಸ್ವಿಸ್ ಕಾನೂನಿನಲ್ಲಿ ಅವರಿಗೆ ಆ ಹಕ್ಕಿತ್ತು. ಕೊನೆಗೆ ಬ್ಯಾಂಕ್ ದಾಖಲೆಗಳು ಭಾರತದ ಕೈ ಸೇರಿದ್ದು 1997ರ ಜನವರಿಯಲ್ಲಿ, ಏಳು ವರ್ಷಗಳ ಬಳಿಕ. 500ಕ್ಕೂ ಹೆಚ್ಚು ಪುಟಗಳ ಆ ಕಂತೆಯನ್ನು ಸ್ವಿಟ್ಜರ್ಲೆಂಡ್‌ನಿಂದ ತಂದವರು ಅಂದಿನ ಸಿಬಿಐ ನಿರ್ದೇಶಕ ಜೋಗಿಂದರ್ ಸಿಂಗ್. ಅವರು ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ. ಅಷ್ಟೆಲ್ಲ ಆದ ಮೇಲೂ 2005ರ ಮೇ 31ರಂದು ದೆಹಲಿ ಹೈಕೋರ್ಟ್ ಪ್ರಕರಣದ ಆರೋಪಿಗಳಾಗಿದ್ದ ಉದ್ಯಮಿಗಳಾದ ಹಿಂದುಜಾ ಸಹೋದರರ ಮೇಲಿನ ಆರೋಪಗಳನ್ನು ರದ್ದುಪಡಿಸಿತು. ಸ್ವೀಡನ್‌ನಿಂದ ಬಂದ ಬೊಫೋರ್ಸ್ ಕಂಪನಿಯ ದಾಖಲೆಗಳೆಂದು ಸಲ್ಲಿಸಿದ್ದವು ಮೂಲಗಳೂ ಆಗಿರಲಿಲ್ಲ, ದೃಢೀಕರಿಸಿದ ಪ್ರತಿಗಳೂ ಆಗಿರಲಿಲ್ಲ, ಅವಕ್ಕೆ ಸಾಕ್ಷ್ಯದ ಬೆಲೆಯಿಲ್ಲ ಎಂಬುದು ನ್ಯಾಯಾಲಯ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು. ಬರಿಯ ಜೆರಾಕ್ಸ್ ಪ್ರತಿಯಿಂದ ಶಿಕ್ಷೆಯಾಗುವುದಿಲ್ಲ. ನಿಮ್ಮ ಪ್ರಕರಣದಲ್ಲಿ ಅಮೆರಿಕದಿಂದ ಬರುವ ಡಿಸ್ಕ್ ಜತೆಗೆ, ಕಂಪನಿಯ ದಾಖಲೆಪಾಲಕರ ದೃಢೀಕರಣವೂ ವಿದ್ಯುನ್ಮಾನ ಸಾಕ್ಷ್ಯಕ್ಕೆ ನಮ್ಮ ಕಾನೂನು ಕೇಳುವ ಪ್ರಮಾಣಪತ್ರವೂ ಬರಬೇಕು. ಬೇಕೆಂದು ಕೋರಿಕೆಯಲ್ಲೇ ಬರೆಯಬೇಕು. ಬರೆಯದಿದ್ದರೆ ಅವರು ಕಳಿಸುವುದಿಲ್ಲ, ಎರಡು ವರ್ಷಗಳ ಬಳಿಕ ಆರೋಪಿಯ ವಕೀಲರು ಅದೊಂದನ್ನೇ ಹಿಡಿದು ನಿಲ್ಲುತ್ತಾರೆ. ಇನ್ನೊಂದು ಶರತ್ತೂ ಇದೆ: ಯಾವ ಪ್ರಕರಣಕ್ಕೆಂದು ಕೇಳಿ ಪಡೆದರೋ ಆ ಪ್ರಕರಣಕ್ಕೆ ಮಾತ್ರ ಆ ದಾಖಲೆ. ಬೇರೆ ಮೊಕದ್ದಮೆಗೆ ಬಳಸಲು ಮತ್ತೆ ಒಪ್ಪಿಗೆ ಬೇಕು.

ಭಾಷೆಯ ತೊಡಕನ್ನೂ ಹೇಳಬೇಕು. ನಮ್ಮ ಎಫ್‌ಐಆರ್, ಸಾಕ್ಷಿ ಹೇಳಿಕೆ, ಮಹಜರು ಎಲ್ಲ ಕನ್ನಡದಲ್ಲಿರುತ್ತವೆ, ಹಾಗೆಯೇ ಇರಬೇಕು. ಅಮೆರಿಕಕ್ಕೆ ಹೋಗುವಾಗ ಅವುಗಳ ದೃಢೀಕೃತ ಇಂಗ್ಲಿಷ್ ಅನುವಾದ ಬೇಕು. ಜರ್ಮನಿಗೆ ಜರ್ಮನ್, ಸೆನೆಗಲ್‌ಗೆ ಫ್ರೆಂಚ್. 2020ರ ಫೆಬ್ರವರಿಯಲ್ಲಿ ಭೂಗತ ಪಾತಕಿ ರವಿ ಪೂಜಾರಿಯನ್ನು ಸೆನೆಗಲ್‌ನಿಂದ ಬೆಂಗಳೂರಿಗೆ ಕರೆತಂದ ಸುದ್ದಿಯಲ್ಲಿ ವಿಮಾನ, ಪೊಲೀಸ್ ಪಡೆಯ ಚಿತ್ರಗಳು ಎಲ್ಲರ ಕಣ್ಣಿಗೆ ಬಿದ್ದವು. ಅದರ ಹಿಂದೆ ಒಂದು ವರ್ಷದಷ್ಟು ಕಾಲ ಅಲ್ಲಿನ ನ್ಯಾಯಾಲಯಗಳ ಮುಂದೆ ನಿಂತ ದಾಖಲೆಗಳ ಕೆಲಸವಿತ್ತು. ಜಿಲ್ಲಾ ಮಟ್ಟದಲ್ಲಿ ನುರಿತ ಕಾನೂನು ಅನುವಾದಕರು ಸಿಗುವುದೇ ಕಷ್ಟ. ಈ ಕೆಲಸಕ್ಕೆ ರಾಜ್ಯದಲ್ಲಿ ಒಂದು ಕಾಯಂ ತಂಡವಿರಬೇಕು ಎಂದು ಸಂಬಂಧಪಟ್ಟವರಲ್ಲಿ ನಾನು ಹೇಳುತ್ತಲೇ ಬಂದಿದ್ದೇನೆ.

ಇನ್ನು ನಿಮ್ಮ ಅಣ್ಣನ ವಿಷಯ. ಅಫಿಡವಿಟ್ ಬರೆದು, ನೋಟರಿ ಮಾಡಿಸಿ, ಅಪೊಸ್ಟಿಲ್ ಮುದ್ರೆ ಹಾಕಿಸಿ ಕಳಿಸಿದರೆ ಸಾಲದು. ಅಪೊಸ್ಟಿಲ್ ಹೇಳುವುದು ‘ಈ ಸಹಿ, ಈ ಮುದ್ರೆ ನಿಜವಾದವು’ ಎಂದಷ್ಟೇ. ಒಳಗೆ ಬರೆದದ್ದು ಸತ್ಯ ಎಂದು ಅದು ಹೇಳುವುದಿಲ್ಲ. ಕ್ರಿಮಿನಲ್ ವಿಚಾರಣೆಯಲ್ಲಿ ಸಾಕ್ಷಿ ಎದುರು ನಿಂತು ಹೇಳಬೇಕು, ಆರೋಪಿಯ ವಕೀಲರು ಪಾಟೀಸವಾಲು ಮಾಡಬೇಕು. ದೇಶಗಳ ನಡುವೆಯೂ ಈ ನಿಯಮಕ್ಕೆ ರಿಯಾಯಿತಿ ಇಲ್ಲ. ಮುಂಬೈ ದಾಳಿಯ ಬಗ್ಗೆ ಪಾಕಿಸ್ತಾನದಲ್ಲಿ ನಡೆಯುತ್ತಿದ್ದ ವಿಚಾರಣೆಗಾಗಿ ಅಲ್ಲಿನ ನ್ಯಾಯಾಂಗ ಆಯೋಗವೊಂದು 2012ರ ಮಾರ್ಚ್‌ನಲ್ಲಿ ಮುಂಬೈಗೆ ಬಂದು ಸಾಕ್ಷಿಗಳ ಹೇಳಿಕೆ ಪಡೆಯಿತು. ಪಾಟೀಸವಾಲಿಗೆ ಅವಕಾಶವಿರಲಿಲ್ಲ. ಆ ಕಾರಣಕ್ಕೇ ಪಾಕಿಸ್ತಾನದ ನ್ಯಾಯಾಲಯ ಜುಲೈನಲ್ಲಿ ಆ ವರದಿಯನ್ನು ಸ್ವೀಕರಿಸಲಿಲ್ಲ. ಪಾಟೀಸವಾಲು ನಡೆಸಲು ಆಯೋಗ 2013ರಲ್ಲಿ ಮತ್ತೆ ಬರಬೇಕಾಯಿತು. ಎರಡು ಸರ್ಕಾರಗಳು ಸೇರಿ ಮಾಡಿದ ಏರ್ಪಾಡಿಗೇ ಹೀಗಾದರೆ ಅಣ್ಣನ ಅಫಿಡವಿಟ್ ನಿಲ್ಲುವುದು ಹೇಗೆ?

ಹಾಗೆಂದು ಅವರು ರಜೆ ಹಾಕಿ ಶಿವಮೊಗ್ಗಕ್ಕೆ ಬರಲೇಬೇಕೆಂದಿಲ್ಲ. ವಿದೇಶದಲ್ಲಿರುವ ಸಾಕ್ಷಿಯನ್ನು ವಿಡಿಯೊ ಮೂಲಕ ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲೇ, ಡಾ. ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಸಾಕ್ಷಿಯಾಗಬೇಕಿದ್ದವರು ಅಮೆರಿಕದ ವೈದ್ಯರು. ಕರ್ನಾಟಕ ಹೈಕೋರ್ಟ್ 2020ರಲ್ಲಿ ಹೊರಡಿಸಿದ ವಿಡಿಯೊ ಕಾನ್ಫರೆನ್ಸ್ ನಿಯಮಗಳ ಪ್ರಕಾರ, ಹೊರದೇಶದಲ್ಲಿರುವ ಸಾಕ್ಷಿಯ ಬಳಿ ಭಾರತೀಯ ರಾಯಭಾರ ಕಚೇರಿಯ ಅಥವಾ ಕಾನ್ಸುಲೇಟ್‌ನ ಅಧಿಕಾರಿ ಸಮನ್ವಯಾಧಿಕಾರಿಯಾಗಿ ಇರಬೇಕು. ಮ್ಯೂನಿಕ್‌ನಲ್ಲಿಯೇ ಭಾರತದ ಕಾನ್ಸುಲೇಟ್ ಇರುವುದು ನಿಮ್ಮ ಅದೃಷ್ಟ. ಆದರೆ ಒಂದು ಎಚ್ಚರಿಕೆ. ಜರ್ಮನಿಯಂಥ ದೇಶಗಳು, ತಮ್ಮ ನೆಲದಲ್ಲಿ ಕುಳಿತ ವ್ಯಕ್ತಿಯನ್ನು ಇನ್ನೊಂದು ದೇಶದ ನ್ಯಾಯಾಲಯ ವಿಚಾರಿಸುವುದನ್ನು ತಮ್ಮ ಸಾರ್ವಭೌಮ ಅಧಿಕಾರದ ವಿಷಯವೆಂದು ಪರಿಗಣಿಸುತ್ತವೆ. ಆದ್ದರಿಂದ ವಿಡಿಯೊ ವಿಚಾರಣೆಗೆ ಅವರ ಒಪ್ಪಿಗೆಯನ್ನು ಗೃಹ ಸಚಿವಾಲಯದ ಮೂಲಕವೇ ಕೇಳಬೇಕು. ಅಣ್ಣನ ಮನೆಯ ಲ್ಯಾಪ್‌ಟಾಪ್‌ನಿಂದ ಸುಮ್ಮನೆ ಸೇರಿಕೊಂಡರೆ ಆಮೇಲೆ ಆ ಸಾಕ್ಷ್ಯಕ್ಕೆ ಆಕ್ಷೇಪಣೆ ಬರಬಹುದು. ಭಾರತ ಮತ್ತು ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಪರಸ್ಪರ ಕಾನೂನು ನೆರವಿನ ಒಪ್ಪಂದಕ್ಕೆ ಸಹಿ ಹಾಕಿವೆ. ಈ ದಾರಿ ಮುಂದೆ ಸುಗಮವಾಗುತ್ತದೆ ಎಂಬ ನಿರೀಕ್ಷೆ ನನಗಿದೆ.

ಸಮನ್ಸ್ ಕೂಡ ಇದೇ ಬಾಗಿಲಿನಿಂದಲೇ ಹೋಗುತ್ತದೆ. ನ್ಯಾಯಾಲಯ ಹೊರಡಿಸಿದ ಸಮನ್ಸ್ ಗೃಹ ಸಚಿವಾಲಯಕ್ಕೆ, ಅಲ್ಲಿಂದ ಆ ದೇಶಕ್ಕೆ. ಸಚಿವಾಲಯಕ್ಕೆ ಕಳಿಸಿದ ದಿನದಿಂದ ವಿಚಾರಣೆಯ ದಿನಕ್ಕೆ ಕನಿಷ್ಠ 10 ವಾರಗಳ ಅಂತರವಿರಬೇಕು ಎಂಬುದು ಸೂಚನೆ. ನಮ್ಮ ನ್ಯಾಯಾಲಯಗಳ ರೂಢಿಯಂತೆ ಮೂರು ವಾರದ ತಾರೀಖು ಕೊಟ್ಟರೆ ಸಮನ್ಸ್ ತಲುಪುವ ಹೊತ್ತಿಗೆ ತಾರೀಖು ಕಳೆದಿರುತ್ತದೆ, ಮತ್ತೆ ಮೊದಲಿನಿಂದ ಶುರು. ಇದನ್ನು ಅಭಿಯೋಜಕರಿಗೆ ಮುಂಚೆಯೇ ನೆನಪಿಸಿ. ವಿಳಾಸ ಪೂರ್ಣವಾಗಿರಲಿ: ಬೀದಿ, ಮನೆ ಸಂಖ್ಯೆ, ಪಿನ್ ಎಲ್ಲ ಇರಲಿ. ಪೋಸ್ಟ್ ಬಾಕ್ಸ್ ಸಂಖ್ಯೆಯನ್ನೋ ಪಾಸ್‌ಪೋರ್ಟ್ ಸಂಖ್ಯೆಯನ್ನೋ ವಿಳಾಸವೆಂದು ಒಪ್ಪುವುದಿಲ್ಲ. ಜಾಮೀನುರಹಿತ ವಾರಂಟ್ ಈ ದಾರಿಯಲ್ಲಿ ಹೋಗುವುದಿಲ್ಲ. ವ್ಯಕ್ತಿಯನ್ನೇ ಹಿಡಿದು ತರಬೇಕೆಂದರೆ ಅದು ಹಸ್ತಾಂತರದ ವಿಷಯ, 1962ರ ಕಾನೂನಿನ ಅಡಿ ವಿದೇಶಾಂಗ ಸಚಿವಾಲಯ ನೋಡಿಕೊಳ್ಳುತ್ತದೆ. ಇಂಟರ್‌ಪೋಲ್ ನೋಟಿಸ್‌ಗಳು ಮತ್ತೂ ಬೇರೆ. 2024ರ ಮೇ ತಿಂಗಳಲ್ಲಿ ಹಾಸನದ ಪ್ರಕರಣದ ಸಂದರ್ಭದಲ್ಲಿ ಬ್ಲೂ ಕಾರ್ನರ್ ನೋಟಿಸ್ ಹೆಸರು ನಮ್ಮಲ್ಲಿ ಮನೆಮಾತಾಯಿತಲ್ಲ, ಅದು ವ್ಯಕ್ತಿ ಎಲ್ಲಿದ್ದಾನೆಂದು ತಿಳಿಸಿ ಎಂಬ ಪೊಲೀಸರ ನಡುವಿನ ವಿನಂತಿ. ಸುಳಿವು ಹುಡುಕಲು ಅದು ಬಹಳ ಉಪಯುಕ್ತ. ಸಿಬಿಐ ಮೂಲಕ ಸಾಗುವ ಈ ಕೆಲಸಕ್ಕೆ 2025ರ ಜನವರಿಯಿಂದ ‘ಭಾರತ್‌ಪೋಲ್’ ಪೋರ್ಟಲ್ ಬಂದು ರಾಜ್ಯದ ಪೊಲೀಸರಿಗೆ ಅನುಕೂಲವಾಗಿದೆ. ಆದರೆ ಆ ದಾರಿಯಲ್ಲಿ ಬಂದ ಮಾಹಿತಿಯನ್ನು ಸಾಕ್ಷ್ಯವಾಗಿ ನ್ಯಾಯಾಲಯದ ಮುಂದಿಡಲು ಮತ್ತೆ ವಿಧಿವತ್ತಾದ ಕೋರಿಕೆಯೇ ಬೇಕು.

ನಿಮ್ಮ ಕೈಯಲ್ಲಿ ಏನಿದೆ ಎಂಬುದಕ್ಕೆ ಬರುತ್ತೇನೆ. ತನಿಖೆಯ ಪ್ರಗತಿಯನ್ನು 90 ದಿನಗಳ ಒಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕೆಂದು ಹೊಸ ಸಂಹಿತೆಯ 193ನೇ ಸೆಕ್ಷನ್ ಹೇಳುತ್ತದೆ. ಅದನ್ನು ಉಲ್ಲೇಖಿಸಿ ಎಸ್‌ಪಿಯವರಿಗೆ ಒಂದು ಪುಟದ ಅರ್ಜಿ ಕೊಡಿ. ಕೋರಿಕೆಯ ಪ್ರತಿಯನ್ನು ಕೇಳಬೇಡಿ, ಅದು ಗೋಪ್ಯ, ಕೊಡುವುದಿಲ್ಲ. ಕರಡು ಗೃಹ ಸಚಿವಾಲಯ ತಲುಪಿದ ದಿನಾಂಕ, ಆಕ್ಷೇಪಣೆ ಬಂದಿದ್ದರೆ ಉತ್ತರಿಸಿದ ದಿನಾಂಕ, ಅಮೆರಿಕಕ್ಕೆ ರವಾನೆಯಾದ ದಿನಾಂಕ — ಇಷ್ಟನ್ನು ಕೇಳಿ. ಆರೋಪಿ ಪತ್ತೆಯಾಗಿ ಬಂಧನವಾದರೆ 60 ಅಥವಾ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಅವನಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಎಂಎಲ್‌ಎಟಿ ಬರಲಿಲ್ಲ ಎಂಬುದು ಅದಕ್ಕೆ ನೆಪವಾಗದು. ಆಗ ಇರುವ ಸಾಕ್ಷ್ಯದ ಮೇಲೆ ಪಟ್ಟಿ ಸಲ್ಲಿಸಿ, ವಿದೇಶದಿಂದ ಉತ್ತರ ಬರಬೇಕಿದೆ ಎಂದು ಅದರಲ್ಲೇ ನಮೂದಿಸಿ, ಮುಂದಿನ ತನಿಖೆ ಕಾಯ್ದಿರಿಸಬೇಕು. ಆಮೇಲೆ ಬಂದ ದಾಖಲೆಯನ್ನು ತನಿಖೆಯಲ್ಲಿ ಸಂಗ್ರಹಿಸಿದ ಸಾಕ್ಷ್ಯವೆಂದೇ ಕಾನೂನು ಪರಿಗಣಿಸುತ್ತದೆ.

ಈ ವ್ಯವಸ್ಥೆಯ ಒಂದು ಅನ್ಯಾಯದ ಬಗ್ಗೆ, ನಿಮ್ಮ ಪ್ರಕರಣಕ್ಕೆ ನೇರವಾಗಿ ಸೇರದಿದ್ದರೂ, ಹೇಳದೆ ಮುಂದೆ ಹೋಗಲಾರೆ. ಸೌದಿ ಅರೇಬಿಯಾದಲ್ಲಿ ಕೆಲಸದಲ್ಲಿದ್ದ ಮಂಗಳೂರು ಕಡೆಯ ವ್ಯಕ್ತಿಯೊಬ್ಬರ ಹೆಸರಿನಲ್ಲಿ ಯಾರೋ ನಕಲಿ ಫೇಸ್‌ಬುಕ್ ಖಾತೆ ತೆರೆದು ಅಲ್ಲಿನ ದೊರೆಯನ್ನು ನಿಂದಿಸಿದರೆಂಬುದು ಕುಟುಂಬದ ದೂರು. ಅದಕ್ಕಾಗಿ ಅವರು ಅಲ್ಲಿ ಸೆರೆಮನೆ ಸೇರಿದರು. ಖಾತೆ ನಕಲಿ ಎಂದು ತೋರಿಸಬಲ್ಲ ದತ್ತಾಂಶ ಇದ್ದದ್ದು ಮೂರನೆಯ ದೇಶದ ಕಂಪನಿಯ ಬಳಿ. ಪತ್ನಿ ಮಂಗಳೂರಿನಲ್ಲಿ ದೂರು ಕೊಟ್ಟು, ತನಿಖೆ ಕುಂಟುತ್ತಾ ಸಾಗಿ, ಕೊನೆಗೆ 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್, ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್‌ನ ಚಟುವಟಿಕೆ ಮುಚ್ಚಿಸುವ ಆದೇಶವನ್ನು ಪರಿಗಣಿಸಬೇಕಾಗುತ್ತದೆ ಎಂದು ಎಚ್ಚರಿಸಬೇಕಾಯಿತು. ಪರಸ್ಪರ ನೆರವಿನ ಒಪ್ಪಂದಗಳು ಸರ್ಕಾರಗಳಿಗಾಗಿ ಆದವು. ತನ್ನ ನಿರಪರಾಧಿತ್ವದ ಸಾಕ್ಷ್ಯ ಗಡಿಯಾಚೆ ಇದೆ ಎನ್ನುವ ಆರೋಪಿಗೆ ಆ ಬಾಗಿಲನ್ನು ತಾನೇ ತಟ್ಟುವ ಹಕ್ಕಿಲ್ಲ. ತನಿಖಾಧಿಕಾರಿಯೋ ನ್ಯಾಯಾಲಯವೋ ಮನಸ್ಸು ಮಾಡಬೇಕು. ಗಲ್ಫ್‌ನಲ್ಲಿ ಕರಾವಳಿಯ ಇಷ್ಟೊಂದು ಜನ ದುಡಿಯುತ್ತಿರುವಾಗ ಈ ಕೊರತೆಯ ಬಗ್ಗೆ ನಮ್ಮಲ್ಲಿ ಚರ್ಚೆಯೇ ಇಲ್ಲದಿರುವುದು ನನ್ನನ್ನು ಬಹಳ ಕಾಡುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಅಮೆರಿಕದಲ್ಲಿ ಖಾಸಗಿ ವಕೀಲರನ್ನು ನೇಮಿಸಿದರೂ ಅವರು ಎಂಎಲ್‌ಎಟಿ ಕಡತಕ್ಕೆ ವೇಗ ಕೊಡಲಾರರು. ಅಲ್ಲಿನ ನ್ಯಾಯಾಂಗ ಇಲಾಖೆ ಮಾತಾಡುವುದು ನಮ್ಮ ಗೃಹ ಸಚಿವಾಲಯದ ಜತೆ ಮಾತ್ರ. ಹೊರದೇಶದ ಮೊಕದ್ದಮೆಯಲ್ಲಿ ಆಸಕ್ತಿಯುಳ್ಳ ವ್ಯಕ್ತಿ ಸಾಕ್ಷ್ಯಕ್ಕಾಗಿ ಅಮೆರಿಕದ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದೆಂಬ ಕಾನೂನು ಅಲ್ಲಿ ಇದೆ, ಕೆಲವು ವಕೀಲರು ಅದನ್ನು ನಿಮಗೆ ತೋರಿಸಿಯಾರು. ಆದರೆ ಆ ಅರ್ಜಿಯಿಂದಲೂ ಇಮೇಲ್‌ನ ಒಳಗಿನ ಮಾತು ಸಿಗುವುದಿಲ್ಲ. ಹೆಚ್ಚೆಂದರೆ ಖಾತೆದಾರನ ಹೆಸರು, ಐಪಿ ವಿವರ ಸಿಗಬಹುದು. ಅದನ್ನು ಠಾಣೆಯಿಂದ ಒಂದು ನೋಟಿಸ್ ಕೊಟ್ಟು ಪುಕ್ಕಟೆಯಾಗಿ ತರಿಸಬಹುದು. ಡಾಲರ್‌ಗಳಲ್ಲಿ ಶುಲ್ಕ ಕಟ್ಟುವ ಬದಲು, ವಿದ್ಯುನ್ಮಾನ ಸಾಕ್ಷ್ಯ ಬಲ್ಲ ಸ್ಥಳೀಯ ವಕೀಲರೊಬ್ಬರನ್ನು ಕರೆದುಕೊಂಡು ತನಿಖಾಧಿಕಾರಿಯನ್ನು ಕಾಣಿ. ದಿನಾಂಕವಾರು ಪಟ್ಟಿ, ಹೆಡರ್ ಸಮೇತ ಮುದ್ರಿಸಿದ ಇಮೇಲ್‌ಗಳು, ಅಣ್ಣನ ಮ್ಯೂನಿಕ್ ವಿಳಾಸ ನಿಮ್ಮ ಕೈಯಲ್ಲಿರಲಿ. ಅಂದೇ ಎಸ್‌ಪಿ ಕಚೇರಿಯಲ್ಲಿ ಅರ್ಜಿಯನ್ನೂ ಕೊಟ್ಟು ಸ್ವೀಕೃತಿ ಪಡೆಯಿರಿ.